ಮಣ್ಣಿನ ಅಲಂಕಾರ: ಕೊಡಗಿನ ಕ್ರಿಸ್ಮಸ್ ಕಾಣಿಕೆಗಳ ಕುರಿತು ಒಂದು ವಿಮರ್ಶೆ

ಆಗಮನ ಕಾಲದ ಮೊದಲ ಮೇಣದಬತ್ತಿ ಬೆಳಗುವ ಹೊತ್ತಿಗೆ ಕೊಡಗಿನ ತೋಟಗಳಲ್ಲಿ ಅರೇಬಿಕಾ ಕಾಫಿಯ ಹಣ್ಣು ಕೆಂಪೇರಿರುತ್ತದೆ. ಗದ್ದೆಗಳಲ್ಲಿ ಭತ್ತ ಬಾಗಿರುತ್ತದೆ. ಪುತ್ತರಿಯ ಕದಿರು ಮನೆಮನೆಯ ಬಾಗಿಲಿಗೆ ಬಂದಿರುತ್ತದೆ, ಇಲ್ಲವೇ ಬರುವುದರಲ್ಲಿರುತ್ತದೆ. ಇದೇ ದಿನಗಳಲ್ಲಿ ನಮ್ಮ ಮನೆಗಳಲ್ಲಿಯೂ ಧರ್ಮೋಪದೇಶದ ತರಗತಿಗಳಲ್ಲಿಯೂ ಮತ್ತೊಂದು ಕೆಲಸ ಸದ್ದಿಲ್ಲದೆ ನಡೆಯುತ್ತದೆ. ತಾಯಂದಿರೂ ಮಕ್ಕಳೂ ಮಣ್ಣು ಅಥವಾ ಹಿಟ್ಟಿನ ಮುದ್ದೆಯನ್ನು ಕಲಸಿ, ತಟ್ಟಿ, ನಕ್ಷತ್ರ, ಗಂಟೆ, ದೇವದೂತ, ಕುರಿಮರಿಗಳ ಆಕಾರ ಕೊಟ್ಟು, ಒಣಗಿಸಿ, ಬಣ್ಣ ಬಳಿದು, ದಾರ ಕಟ್ಟಿ, ನೆರೆಹೊರೆಗೆ ಕಾಣಿಕೆಯಾಗಿ ಕೊಡುವ ರೂಢಿ ಅಲ್ಲಲ್ಲಿ ಬೆಳೆದುಬಂದಿದೆ.

ಇಂತಹ ಕಾಣಿಕೆಯನ್ನು ಪಡೆದವರು ಮೆಚ್ಚಿಕೊಳ್ಳುತ್ತಾರೆ. ಮಗುವಿನ ಕೈಕೆಲಸವನ್ನು ಯಾರು ತಾನೇ ಹೊಗಳದೆ ಇದ್ದಾರು? ಆದರೆ ಹೊಗಳಿಕೆ ಒಂದು, ನಿಜವಾಗಿ ನೋಡುವುದು ಇನ್ನೊಂದು. ಪದ್ಯವೊಂದನ್ನು ಓದಿ ತೂಗುವಂತೆ, ದೇವಾಲಯದ ಚಿತ್ರವೊಂದನ್ನು ನೋಡಿ ವಿವೇಚಿಸುವಂತೆ ಈ ಪುಟ್ಟ ಮಣ್ಣಿನ ವಸ್ತುಗಳನ್ನೂ ಗಂಭೀರವಾಗಿ ನೋಡಬಹುದಲ್ಲವೇ? ಪ್ರಭುವಿನ ಜನನದ ಹೆಸರಿನಲ್ಲಿ ಒಬ್ಬರು ಇನ್ನೊಬ್ಬರಿಗೆ ಕೊಡುವ ವಸ್ತು ಏನನ್ನು ನುಡಿಯುತ್ತದೆ, ಏನನ್ನು ನುಡಿಯದೆ ಉಳಿಯುತ್ತದೆ ಎಂಬ ಪ್ರಶ್ನೆ ಕ್ಷುಲ್ಲಕವಾದುದಲ್ಲ.

ಅಲಂಕಾರವೆಂದರೇನು?

ನಾವು ಈ ವಸ್ತುಗಳನ್ನು ‘ಅಲಂಕಾರದ ಸಾಮಾನು’ ಎಂದು ಕರೆಯುತ್ತೇವೆ. ಆ ಮಾತನ್ನು ಆಡುವಾಗ ನಮ್ಮ ಮನಸ್ಸಿನಲ್ಲಿರುವುದು ಹೆಚ್ಚುವರಿಯಾದದ್ದು, ಇಲ್ಲದಿದ್ದರೂ ನಡೆಯುವಂಥದ್ದು ಎಂಬ ಭಾವನೆ. ಆದರೆ ಆ ಶಬ್ದದ ಹುಟ್ಟು ಬೇರೆಯ ದಿಕ್ಕನ್ನು ತೋರಿಸುತ್ತದೆ. ಸಂಸ್ಕೃತದ ‘ಅಲಂ’ ಎಂದರೆ ಸಾಕು, ತಕ್ಕಷ್ಟು. ‘ಅಲಂಕಾರ’ವೆಂದರೆ ತಕ್ಕಷ್ಟಾಗಿಸುವುದು, ಕೊರತೆಯಿರುವುದನ್ನು ತುಂಬುವುದು. ಕಲಾಚಿಂತಕ ಆನಂದ ಕುಮಾರಸ್ವಾಮಿಯವರು 1939ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಈ ಅರ್ಥವನ್ನು ಎತ್ತಿ ತೋರಿಸಿದರು. ಒಂದು ವಸ್ತುವಿನ ಅಲಂಕಾರವು ಮೂಲದಲ್ಲಿ ಅದರ ಮೇಲೆ ಹೇರಿದ ಸೊಗಸಾಗಿರದೆ, ಅದು ತನ್ನ ಕೆಲಸವನ್ನು ಸರಿಯಾಗಿ ಮಾಡಲು ಬೇಕಾದ ಸಜ್ಜೇ ಆಗಿತ್ತು ಎಂಬುದು ಅವರ ವಾದ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥವಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವೂ ಅಲಂಕಾರಶಾಸ್ತ್ರದ ಗ್ರಂಥವೇ ಎಂಬುದನ್ನು ಇಲ್ಲಿ ನೆನೆಯಬಹುದು. ಯಾವ ಮಾತಿಗೆ ಯಾವುದು ತಕ್ಕುದು ಎಂಬ ವಿಚಾರದಿಂದಲೇ ನಮ್ಮ ಸಾಹಿತ್ಯದ ಲಿಖಿತ ಪರಂಪರೆ ನಮಗೆ ಕಾಣತೊಡಗುತ್ತದೆ.

ಈ ಅಳತೆಗೋಲನ್ನು ಕ್ರಿಸ್ಮಸ್ ಅಲಂಕಾರಕ್ಕೆ ಹಿಡಿದು ನೋಡೋಣ. ಕೊಡಗಿನ ಒಂದು ಮನೆಯಲ್ಲಿ ತೂಗುಹಾಕಿದ ಮಣ್ಣಿನ ನಕ್ಷತ್ರ ಯಾವ ಕೊರತೆಯನ್ನು ತುಂಬುತ್ತದೆ? ಅಂಗಡಿಯಲ್ಲಿ ಕೊಂಡ ಹೊಳೆಯುವ ನಕ್ಷತ್ರ ಹೇಳಲಾರದ ಯಾವ ಮಾತನ್ನು ಅದು ಹೇಳುತ್ತದೆ? ಹೇಳಲು ಅದಕ್ಕೆ ಏನೂ ಇಲ್ಲವಾದರೆ ಅದು ಅಂಗಡಿಯ ವಸ್ತುವಿನ ಬಡ ಅನುಕರಣೆಯಾಗಿ ಉಳಿಯುತ್ತದೆ.

ಎರಡು ಬಗೆಯ ಮಂಜು

ಮನೆಯಲ್ಲಿ ಮಾಡಿದ ಈ ವಸ್ತುಗಳಲ್ಲಿ ಹೆಚ್ಚಿನವು ಯಾವ ಆಕಾರದಲ್ಲಿವೆ ಎಂಬುದನ್ನು ಗಮನಿಸಿದರೆ ಮೊದಲ ನಿರಾಸೆ ಎದುರಾಗುತ್ತದೆ. ಹಿಮದ ಮನುಷ್ಯ, ಹಿಮಸಾರಂಗ, ಕಾಲುಚೀಲ, ಹಿಮದ ಹರಳು, ಶಂಕುವಿನಾಕಾರದ ಮರ. ಮಣ್ಣು ನಮ್ಮದು, ಕೈ ನಮ್ಮದು. ಕನಸು ಮಾತ್ರ ಎರವಲು. ಕನ್ನಡದಲ್ಲಿ ‘ಮಂಜು’ ಎಂಬ ಒಂದೇ ಪದ ಎರಡು ಲೋಕಗಳನ್ನು ಹೆಸರಿಸುತ್ತದೆ. ಶುಭಾಶಯ ಪತ್ರದ ಮಂಜು ಹೆಪ್ಪುಗಟ್ಟಿ ಬೀಳುವ ಹಿಮ. ಮಡಿಕೇರಿಯ ಮಂಜು ಬೆಳಗಿನ ಜಾವ ಕಣಿವೆಯಿಂದ ಮೇಲೇರಿ, ಮಧ್ಯರಾತ್ರಿಯ ಪೂಜೆ ಮುಗಿಸಿ ಬರುವವರ ಶಾಲಿನ ಅಂಚನ್ನು ಒದ್ದೆ ಮಾಡುವ ಇಬ್ಬನಿ. ಮೊದಲನೆಯದನ್ನು ಹತ್ತಿಯಲ್ಲಿಯೂ ಥರ್ಮೋಕೋಲಿನಲ್ಲಿಯೂ ತಯಾರಿಸಿ ಗೋದಲಿಯ ಮೇಲೆ ಸುರಿಯುತ್ತ ಬಂದ ನಾವು ಎರಡನೆಯದಕ್ಕೆ ಒಂದು ರೂಪ ಹುಡುಕುವ ಗೋಜಿಗೆ ಹೋಗಲಿಲ್ಲ. 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಕ್ಕೊಳಗಾದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರಕ್ಕೆ ಬಳಸುವ ಥರ್ಮೋಕೋಲೂ ಸೇರಿದೆ. ಹೀಗೆ ಕಾನೂನು ಆ ಹಿಮವನ್ನು ಗೋದಲಿಯಿಂದ ತೆಗೆದಿದೆ. ಕಲ್ಪನೆಯಿಂದ ಅದು ಇನ್ನೂ ಕರಗಿಲ್ಲ.

ಹಾಗೆಂದು ಪರದೇಶದ ಆಕಾರಗಳೆಲ್ಲ ಹುಸಿ ಎಂದು ತೀರ್ಮಾನಿಸುವುದೂ ಅವಸರವಾದೀತು. ಕ್ರಿಸ್ಮಸ್ ಮರದಲ್ಲಿ ತೂಗುವ ಗಾಜಿನ ಗುಂಡಿನ ಚರಿತ್ರೆ ಬೋಧಪ್ರದವಾಗಿದೆ. ಜರ್ಮನಿಯಲ್ಲಿ ಮೊದಲು ಮರಕ್ಕೆ ಕಟ್ಟುತ್ತಿದ್ದುದು ಸೇಬು, ಅಕ್ರೋಟು, ಮನೆಯ ಬಿಸ್ಕತ್ತು. ಅಂದರೆ ಆ ನೆಲದ ಆ ಋತುವಿನ ಫಲ. ಹತ್ತೊಂಬತ್ತನೆಯ ಶತಮಾನದಲ್ಲಿ ತುರಿಂಗಿಯಾ ಪ್ರಾಂತದ ಲೌಶಾ ಎಂಬ ಗಾಜುಗಾರರ ಊರಿನಲ್ಲಿ ಆ ಹಣ್ಣುಕಾಯಿಗಳ ರೂಪವನ್ನು ಗಾಜಿನಲ್ಲಿ ಊದಿ ತೆಗೆಯಲಾಯಿತು. 1880ರ ದಶಕದಲ್ಲಿ ಅಮೆರಿಕದ ವೂಲ್‌ವರ್ತ್ ಮಳಿಗೆಗಳು ಅವನ್ನು ತರಿಸಿ ಮಾರತೊಡಗಿದ ಮೇಲೆ ಅವು ಲೋಕವನ್ನೆಲ್ಲ ಹಬ್ಬಿದವು. ಇಂದು ನಮ್ಮ ಪೇಟೆಗಳಲ್ಲಿ ಸಿಗುವ ಪ್ಲಾಸ್ಟಿಕ್ ಗುಂಡು ಆ ಗಾಜಿನ ನಕಲು. ಆ ಗಾಜು ಸೇಬಿನ ನಕಲು. ನಮ್ಮ ಮಗು ಮಣ್ಣಿನಲ್ಲಿ ಉಂಡೆ ಕಟ್ಟಿ ಕೆಂಪು ಬಳಿದಾಗ ಅದು ನಕಲಿನ ನಕಲಿನ ನಕಲು. ಆದರೆ ಆ ಸಾಲಿನ ತುದಿಯಲ್ಲಿ ಒಂದು ನಿಜವಾದ ಹಣ್ಣಿದೆ, ಯಾರದೋ ತೋಟದ ಫಸಲು ಇದೆ. ಲೌಶಾದವರಿಂದ ನಾವು ಕಲಿಯಬೇಕಾದುದು ಆ ಗುಂಡನ್ನಲ್ಲ. ತಮ್ಮ ಕಣ್ಣೆದುರಿನ ಫಲವನ್ನು ಹಬ್ಬದ ಮರಕ್ಕೆ ಕಟ್ಟಿದ ಅವರ ಹಿರಿಯರ ಸಹಜತೆಯನ್ನು. ಕೊಡಗಿನಲ್ಲಿ ಅದು ಗೊಂಚಲು ಗೊಂಚಲಾಗಿ ಕೆಂಪಾದ ಕಾಫಿಹಣ್ಣು, ಕಿತ್ತಳೆ, ಏಲಕ್ಕಿಯ ಕಾಯಿ, ಒಳ್ಳೆಮೆಣಸಿನ ತೆನೆ.

ಪ್ರೊವಾನ್ಸಿನ ಪುಟ್ಟ ಸಂತರು

ಮನೆಯಲ್ಲಿ ಮಾಡಿದ ಮಣ್ಣಿನ ಕ್ರಿಸ್ಮಸ್ ಬೊಂಬೆಗೆ ಒಂದು ಘನವಾದ ಇತಿಹಾಸವಿದೆ. ಅದು ಬಿಡುವಿನ ವೇಳೆಯ ಹವ್ಯಾಸದಿಂದ ಆರಂಭವಾದುದಲ್ಲ. 1790ರ ದಶಕದ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ದೇವಾಲಯಗಳು ಮುಚ್ಚಲ್ಪಟ್ಟು ಅಲ್ಲಿನ ಗೋದಲಿಗಳು ಮರೆಯಾದಾಗ, ದಕ್ಷಿಣ ಫ್ರಾನ್ಸಿನ ಪ್ರೊವಾನ್ಸಿನ ಜನ ಗೋದಲಿಯನ್ನು ತಮ್ಮ ಮನೆಯೊಳಕ್ಕೆ ತಂದುಕೊಂಡರು. ಮಾರ್ಸೇಯ ನಗರದ ಝಾನ್ ಲೂಯಿ ಲಾನ್ಯೆಲ್ (1764–1822) ಎಂಬ ಶಿಲ್ಪಿ ಅಚ್ಚುಗಳನ್ನು ತಯಾರಿಸಿ, ಸ್ಥಳೀಯ ಜೇಡಿಮಣ್ಣನ್ನು ಅದರಲ್ಲಿ ಒತ್ತಿ, ಸುಡದೆ ಹಾಗೆಯೇ ಒಣಗಿಸಿ ಬಣ್ಣ ಬಳಿದ ಸಣ್ಣ ಬೊಂಬೆಗಳನ್ನು ಬಡವರೂ ಕೊಳ್ಳುವಂತೆ ಮಾಡಿದ. ಅವುಗಳಿಗೆ ‘ಸಾಂತೂನ್’ ಎಂದು ಹೆಸರು. ಆ ಪ್ರಾಂತದ ನುಡಿಯಲ್ಲಿ ಪುಟ್ಟ ಸಂತ ಎಂದರ್ಥ. 1803ರಲ್ಲಿ ಮಾರ್ಸೇಯಲ್ಲಿ ಆರಂಭವಾದ ಸಾಂತೂನ್ ಸಂತೆ ಇಂದಿಗೂ ನಡೆಯುತ್ತದೆ.

ಆ ಬೊಂಬೆಗಳ ವೈಶಿಷ್ಟ್ಯವೇನು? ಬಾಲಯೇಸು, ಮಾತೆ ಮರಿಯ, ಜೋಸೆಫರ ಸುತ್ತ ಅಲ್ಲಿ ನಿಂತವರು ಬೆತ್ಲೆಹೇಮಿನವರಲ್ಲ. ರೊಟ್ಟಿ ಹೊತ್ತ ಬೇಕರಿಯವನು, ಮೀನು ಮಾರುವವಳು, ಡೋಲು ಬಾರಿಸುವವನು, ಚಾಣೆ ಹಿಡಿಯುವವನು, ಕುರಿ ಕಾಯುವವನು. ಅಂದರೆ ಪ್ರೊವಾನ್ಸಿನ ಹಳ್ಳಿಯ ಜನ, ತಮ್ಮ ದಿನನಿತ್ಯದ ಬಟ್ಟೆಯಲ್ಲಿ, ತಮ್ಮ ಕೈಯಲ್ಲಿದ್ದುದನ್ನೇ ಕಾಣಿಕೆಯಾಗಿ ಹಿಡಿದು ಬಂದವರು. ಅವರನ್ನೇ ಆ ನುಡಿ ಸಂತರೆಂದು ಕರೆಯಿತು. 1223ರಲ್ಲಿ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು, ಎತ್ತು, ಕತ್ತೆಗಳನ್ನಿಟ್ಟು ಗೋದಲಿಯನ್ನು ಕಣ್ಣಿಗೆ ಕಟ್ಟಿಸಿದಾಗ ಅವರ ಆಶಯವೂ ಇದೇ ಆಗಿತ್ತು. ದೂರದ ಘಟನೆ ಇಲ್ಲಿ, ಈ ಹಳ್ಳಿಯಲ್ಲಿ ನಡೆಯುತ್ತಿದೆ ಎಂದು ಜನರಿಗೆ ಅನ್ನಿಸಬೇಕಿತ್ತು. 2019ರ ಡಿಸೆಂಬರ್ 1ರಂದು ಅದೇ ಗ್ರೆಚ್ಚೊದಲ್ಲಿ ಸಹಿ ಮಾಡಿದ ಪತ್ರದಲ್ಲಿ ಜಗದ್ಗುರು ಫ್ರಾನ್ಸಿಸರು, ಶುಭಸಂದೇಶದಲ್ಲಿ ಇಲ್ಲದ ದಿನನಿತ್ಯದ ಜನರನ್ನು ಗೋದಲಿಯಲ್ಲಿ ಸೇರಿಸುವ ಈ ರೂಢಿಯನ್ನು ಆದರದಿಂದ ಸ್ಮರಿಸಿದ್ದಾರೆ.

ಅದೇ 1790ರ ದಶಕ ಕೊಡಗಿನ ಕ್ರೈಸ್ತರಿಗೂ ಮುಖ್ಯವಾದುದು ಎಂಬುದು ಯೋಚನೆಗೆ ಹಚ್ಚುವ ಸಂಗತಿ. ಟಿಪ್ಪುವಿನ ಆಳ್ವಿಕೆಯಲ್ಲಿ ಸೆರೆಯ ಸಂಕಷ್ಟದಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರನು ತಾನು ಕಟ್ಟಿದ ಹೊಸ ಪೇಟೆಯಲ್ಲಿ ನೆಲೆ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಆರಂಭ 1792ರದು. ಅಲ್ಲಿ ದೇವಾಲಯವನ್ನು ಕಳೆದುಕೊಂಡವರು, ಇಲ್ಲಿ ಊರನ್ನೇ ಕಳೆದುಕೊಂಡವರು. ಅಲ್ಲಿಯವರಿಗೆ ಮಣ್ಣಿನ ಬೊಂಬೆ ವಿಶ್ವಾಸದ ಆಸರೆಯಾಯಿತು. ಇಲ್ಲಿಯವರಿಗೆ ಬೇರೆ ಧರ್ಮದ ಅರಸನೊಬ್ಬ ಕೊಟ್ಟ ನೆಲವೇ ಕಾಣಿಕೆಯಾಯಿತು. ಕೊಡಗಿನ ಕ್ರೈಸ್ತನು ಈ ನೆಲದ ಮಣ್ಣನ್ನು ಕೈಯಲ್ಲಿ ಹಿಡಿದಾಗ, ಅದು ತನಗೆ ಹಿಂದೊಮ್ಮೆ ಕಾಣಿಕೆಯಾಗಿಯೇ ಬಂದದ್ದು ಎಂಬ ನೆನಪು ಇರುವುದು ಒಳ್ಳೆಯದು.

ಲಾನ್ಯೆಲ್‌ನ ಉದಾಹರಣೆಯಿಂದ ಇನ್ನೊಂದು ಪಾಠವೂ ಇದೆ. ಅವನು ಅಚ್ಚನ್ನು ಬಳಸಿದ. ಆದ್ದರಿಂದ ‘ಕೈಯಿಂದ ಮಾಡಿದ್ದೆಲ್ಲ ಶ್ರೇಷ್ಠ, ಅಚ್ಚಿನದೆಲ್ಲ ಕೀಳು’ ಎಂಬ ನಮ್ಮ ಇಂದಿನ ಸರಳ ನಂಬಿಕೆ ನಿಲ್ಲುವುದಿಲ್ಲ. ಬೊಂಬೆಯಲ್ಲಿ ಯಾರ ಮುಖವಿದೆ, ಅದು ಯಾರ ಮನೆಯನ್ನು ತಲುಪುತ್ತದೆ ಎಂಬುದು ಅದನ್ನು ಮಾಡಿದ ವಿಧಾನಕ್ಕಿಂತ ಮುಖ್ಯ.

ವೇಷದ ಸುಲಭ ದಾರಿ

ಹಾಗಾದರೆ ಕೊಡಗಿನ ಗೋದಲಿಗೆ ಬರುವವರು ಯಾರು? ಈ ಪ್ರಶ್ನೆಗೆ ಸುಲಭವಾಗಿ ಹೊಳೆಯುವ ಉತ್ತರವೊಂದಿದೆ. ಜೋಸೆಫರಿಗೆ ಕುಪ್ಯ ತೊಡಿಸಿ, ಚೇಲೆ ಬಿಗಿದು, ಪೀಚೆಕತ್ತಿ ಸಿಕ್ಕಿಸುವುದು. ಮಾತೆ ಮರಿಯಮ್ಮನಿಗೆ ಕೊಡವ ಶೈಲಿಯ ಸೀರೆ ಉಡಿಸುವುದು. ಸ್ಥಳೀಯತೆಯ ಬಗ್ಗೆ ಪ್ರೀತಿಯಿರುವ ಎಲ್ಲರಿಗೂ ಇದು ಹಿಡಿಸುತ್ತದೆ. ಆದರೂ ಇದನ್ನು ಒಪ್ಪುವ ಮೊದಲು ಎರಡು ಬಾರಿ ಯೋಚಿಸಬೇಕು. ಕೊಡಗಿನ ಕ್ರೈಸ್ತರಲ್ಲಿ ಬಹುಪಾಲು ಜನ ಕರಾವಳಿಯಿಂದ, ಕೇರಳದಿಂದ, ತಮಿಳುನಾಡಿನಿಂದ ಬಂದು ನೆಲೆಸಿದ ಮನೆತನಗಳವರು. ಮನೆಯ ಮಾತು ಕೊಂಕಣಿ, ಮಲಯಾಳಂ, ತಮಿಳು. ದೇವಾಲಯದಲ್ಲಿ, ಶಾಲೆಯಲ್ಲಿ ಕನ್ನಡ. ಕುಪ್ಯ ಚೇಲೆ ನಮ್ಮ ನೆರೆಯವರ ಮದುವೆ ಮಂಗಳಗಳ, ಐನ್‌ಮನೆಯ ಗೌರವದ ಉಡುಗೆ. ಅದನ್ನು ಅಲಂಕಾರವಾಗಿ ಎತ್ತಿಕೊಳ್ಳುವಾಗ ನಾವು ನೆರೆಯವರನ್ನು ಗೌರವಿಸುತ್ತಿದ್ದೇವೆಯೋ ಅಥವಾ ಪ್ರವಾಸಿಗರ ಅಂಗಡಿಯ ಕಣ್ಣಿನಿಂದ ಕೊಡಗನ್ನು ನೋಡುತ್ತಿದ್ದೇವೆಯೋ? ಹಿಮದ ಮನುಷ್ಯನಲ್ಲಿದ್ದ ಪೊಳ್ಳುತನ ವೇಷ ಬದಲಾದ ಮಾತ್ರಕ್ಕೆ ತುಂಬಿಕೊಳ್ಳುವುದಿಲ್ಲ.

ಭಾರತೀಯ ಕ್ರೈಸ್ತ ಕಲೆಯಲ್ಲಿ ಈ ಚರ್ಚೆ ಹೊಸದಲ್ಲ. ಗೋವೆಯ ಆಂಜೆಲೊ ದ ಫೊನ್ಸೆಕ (1902–1967) ಮಾತೆ ಮರಿಯಳನ್ನು ಸೀರೆಯುಟ್ಟ ಭಾರತೀಯ ಸ್ತ್ರೀಯಾಗಿ ಚಿತ್ರಿಸಿದಾಗ ತನ್ನ ನಾಡಿನಲ್ಲೇ ವಿರೋಧವನ್ನು ಎದುರಿಸಿ, ಪುಣೆಯ ಆಶ್ರಮವೊಂದರಲ್ಲಿ ನೆಲೆಸಿ ಕೆಲಸ ಮುಂದುವರಿಸಿದ. ಬೆಂಗಳೂರಿನ ಹೊರವಲಯದ ಸಿಲ್ವೆಪುರದಲ್ಲಿ ನೆಲೆಸಿದ ಜ್ಯೋತಿ ಸಾಹಿಯವರು ಜನಪದ ಸಂಕೇತಗಳ ಮೂಲಕ ಕ್ರಿಸ್ತನ ಕಥನವನ್ನು ಅರಸುತ್ತ ಬಂದವರು. ಇವರ ಚಿತ್ರಗಳು ನಿಂತಿರುವುದು ಉಡುಗೆಯ ಬದಲಾವಣೆಯ ಮೇಲೆ ಮಾತ್ರವಲ್ಲ, ದೀರ್ಘಕಾಲದ ನೋಟದ ಮೇಲೆ. ಧರ್ಮಸಭೆಯು ಯಾವುದೇ ಒಂದು ಕಲಾಶೈಲಿಯನ್ನು ತನ್ನದೆಂದು ವಿಧಿಸಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನಾವಿಧಿಯ ಕುರಿತ ದಾಖಲೆಯಲ್ಲಿ ಸ್ಪಷ್ಟಪಡಿಸಿತು. ಆ ಸ್ವಾತಂತ್ರ್ಯ ನಮಗೆ ಹೊಸ ವೇಷವನ್ನು ಆರಿಸಲು ಕೊಟ್ಟ ಅನುಮತಿಯಷ್ಟೇ ಅಲ್ಲ. ನಮ್ಮ ನಡುವೆ ಬದುಕುತ್ತಿರುವವರನ್ನು ಕಣ್ಣೆತ್ತಿ ನೋಡಲು ಕೊಟ್ಟ ಕರೆ.

ಹಾಗೆ ನೋಡಿದರೆ ಡಿಸೆಂಬರ್ ತಿಂಗಳ ಕೊಡಗಿನಲ್ಲಿ ಕಾಣುವವರು ಯಾರು? ಹಣ್ಣಿನ ಚೀಲವನ್ನು ತಲೆಯ ಮೇಲೆ ಹೊತ್ತು ಸಂಜೆ ತೂಕಕ್ಕೆ ನಿಲ್ಲುವ ಹೆಂಗಸು. ಕಣದಲ್ಲಿ ಕಾಫಿ ಕೆದಕುವ ಮುದುಕ. ಆನೆಯ ಭಯಕ್ಕೆ ಗದ್ದೆಯಂಚಿನಲ್ಲಿ ರಾತ್ರಿ ಎಚ್ಚರವಿರುವ ಕಾವಲುಗಾರ; ಶುಭಸಂದೇಶದ ಕುರುಬರಿಗೆ ಇವನಿಗಿಂತ ಹತ್ತಿರದ ನಂಟನನ್ನು ಹುಡುಕುವುದು ಕಷ್ಟ. ಲೈನ್‌ಮನೆಯ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡ ಯರವರ ತಾಯಿ. ಕೆಲಸ ಹುಡುಕಿಕೊಂಡು ದೂರದ ಅಸ್ಸಾಮಿನಿಂದ ಬಂದ ಯುವಕ. ಕ್ರಿಸ್ಮಸ್ ವಾರದಲ್ಲಿ ಕೊಡಗಿನ ಹೋಮ್‌ಸ್ಟೇಗಳು ಪ್ರವಾಸಿಗರಿಂದ ತುಂಬಿ ತುಳುಕುತ್ತವೆ. ಛತ್ರದಲ್ಲಿ ಸ್ಥಳವಿಲ್ಲವೆಂಬ ಮಾತು ಇಲ್ಲಿ ಪ್ರತಿವರ್ಷ ಅಕ್ಷರಶಃ ಕೇಳಿಬರುತ್ತದೆ. ಇಷ್ಟು ಹತ್ತಿರದಲ್ಲಿ ಬೆತ್ಲೆಹೇಮ್ ಇರುವಾಗ ನಮ್ಮ ಬೆರಳುಗಳು ಹಿಮಸಾರಂಗವನ್ನು ಏಕೆ ತಿದ್ದಬೇಕು?

ಯಾವ ಮಣ್ಣು?

ವಿಮರ್ಶೆಯು ವಸ್ತುವಿನ ಮೈಯನ್ನೂ ಮುಟ್ಟಬೇಕು. ‘ಮಣ್ಣಿನದು’ ಎಂದು ಕೊಡುವ ಅಲಂಕಾರಗಳೆಲ್ಲ ಮಣ್ಣಿನವಲ್ಲ. ಅಂಗಡಿಗಳಲ್ಲಿ ‘ಪಾಲಿಮರ್ ಕ್ಲೇ’ ಎಂದು ಮಾರುವ ಬಣ್ಣದ ಮುದ್ದೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನಿಂದ ಆದದ್ದು. ಅದರಲ್ಲಿ ಮಣ್ಣಿನ ಹೆಸರು ಬಿಟ್ಟರೆ ಮಣ್ಣಿಲ್ಲ. ಎರಡು ಪಾಲು ಮೈದಾ, ಒಂದು ಪಾಲು ಉಪ್ಪು, ಒಂದು ಪಾಲು ನೀರು ಸೇರಿಸಿ ನಾದುವ ಉಪ್ಪುಹಿಟ್ಟು ಮಕ್ಕಳ ಕೈಗೆ ಹಿತವಾದುದು ನಿಜ. ಆದರೆ ಉಪ್ಪು ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಡಿಕೇರಿಯಂಥ ಊರಿನಲ್ಲಿ ಅಂತಹ ದೇವದೂತ ಜೂನ್ ತಿಂಗಳಲ್ಲಿ ಬೆವರಿ, ಬೂಷ್ಟು ಹಿಡಿದು, ರೆಕ್ಕೆ ಕಳಚಿಕೊಳ್ಳುತ್ತದೆ. ಒಣ ಹವೆಯ ನಾಡಿನವರು ಬರೆದ ವಿಧಾನವನ್ನು ಇಲ್ಲಿ ಹಾಗೆಯೇ ಅನುಸರಿಸಿದರೆ ಆಗುವುದು ಹೀಗೆ.

ನಿಜವಾದ ಮಣ್ಣಿಗೂ ತನ್ನದೇ ಆದ ಶಿಸ್ತಿದೆ. ಇಳಿಜಾರಿನ ಕೆಂಪು ಮಣ್ಣಿನಲ್ಲಿ ಜಲ್ಲಿ ಹೆಚ್ಚು. ಅದು ಕೈಗೆ ಒದಗದೆ ಬಿರಿಯುತ್ತದೆ. ಕಣಿವೆಯ ಗದ್ದೆಯ ಮೇಲ್ಪದರದ ಕೆಳಗೆ ಸಿಗುವ ಜೇಡಿಮಣ್ಣು ಮೆತುವಾದುದು. ಅದನ್ನು ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸಣ್ಣ ಮರಳು ಬೆರೆಸಿ, ಗಾಳಿಗುಳ್ಳೆ ಉಳಿಯದಂತೆ ನಾದಬೇಕು. ದಪ್ಪನಾದ ಭಾಗ ನಿಧಾನವಾಗಿಯೂ ತೆಳುವಾದ ಭಾಗ ಬೇಗನೆಯೂ ಒಣಗಿ ಕುಗ್ಗುವುದರಿಂದ ಬಿರುಕು ಬರುತ್ತದೆ. ಆದ್ದರಿಂದ ವಸ್ತು ಎಲ್ಲ ಕಡೆಯೂ ಒಂದೇ ದಪ್ಪವಾಗಿರಬೇಕು, ಬಿಸಿಲಿಗಿಂತ ನೆರಳಿನಲ್ಲಿ ಒಣಗಬೇಕು, ದಾರದ ತೂತನ್ನು ಹಸಿಯಿರುವಾಗಲೇ ಮಾಡಬೇಕು. ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟುವ ಕುಂಬಾರರ ಆವಿಗೆಯ ಕಾವಿನಲ್ಲಿ ಮಾತ್ರ ಮಣ್ಣು ಮರಳಿ ಕೆಸರಾಗದ ಗಟ್ಟಿತನವನ್ನು ಪಡೆಯುತ್ತದೆ. ಅಡುಗೆಮನೆಯ ಒವನ್ 250 ಡಿಗ್ರಿಯ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಬಣ್ಣಕ್ಕೆ ಕಾವಿ ಮತ್ತು ಸುಣ್ಣ ಸಾಕು. ಆ ಎರಡರಿಂದಲೇ ಕೊಂಕಣ ಕರಾವಳಿಯ ಗೋಡೆಗಳು ಶತಮಾನಗಳ ಕಾಲ ಚಿತ್ರಮಯವಾಗಿದ್ದವು. ಹೊಳಪು ಬಣ್ಣ, ಮಿರುಗುಪುಡಿಗಳನ್ನು ಬಳಿದ ಕ್ಷಣ ಮಣ್ಣು ತನ್ನ ಮಾತನ್ನು ನಿಲ್ಲಿಸುತ್ತದೆ.

ಕರ್ನಾಟಕದ ಕ್ರೈಸ್ತ ಚರಿತ್ರೆಯಲ್ಲಿ ಮಣ್ಣು ಇನ್ನೊಂದು ರೀತಿಯಲ್ಲಿಯೂ ಮಾತನಾಡಿದೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆ, ಮತಾಂತರದಿಂದಾಗಿ ಕುಲಕಸುಬನ್ನೂ ಬಂಧುಬಳಗವನ್ನೂ ಕಳೆದುಕೊಂಡವರಿಗೆ ದುಡಿಮೆ ಕೊಟ್ಟಿತು. ಮಂಗಳೂರು ಹಂಚು ಘಟ್ಟ ಹತ್ತಿ ಕೊಡಗಿನ ಮಾಡುಗಳನ್ನೂ ಹೊದಿಸಿತು. ಅಲಂಕಾರವಾಗುವುದಕ್ಕೆ ಮೊದಲು ಮಣ್ಣು ನಮ್ಮವರಿಗೆ ಅನ್ನವೂ ಸೂರೂ ಆಗಿತ್ತು.

ಇಳಿದು ಬಂದ ಬೆಟ್ಟ

ಕೊಡಗಿನಲ್ಲಿ ಮಣ್ಣಿನ ಬಗ್ಗೆ ಬರೆಯುವವರು 2018ರ ಆಗಸ್ಟ್ ತಿಂಗಳನ್ನು ದಾಟಿ ಹೋಗಲಾಗದು. ಮಕ್ಕಂದೂರು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲದ ಸುತ್ತಮುತ್ತ ಬೆಟ್ಟಗಳು ಬಾಯ್ದೆರೆದು ಕೆಳಗಿಳಿದವು. ಮನೆ, ತೋಟ, ರಸ್ತೆ, ಬಾಳಿನ ದಾಖಲೆಗಳೆಲ್ಲ ಕೆಸರಿನಡಿ ಹೋದವು. ಹಲವರು ಪ್ರಾಣ ಕಳೆದುಕೊಂಡರು. ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದರು. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಗುಡ್ಡ ಕುಸಿಯಿತು. ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಮನೆ ಕಳೆದುಕೊಂಡವರಿಗೆ ಪುನರ್ವಸತಿ ಮನೆಗಳು ಎದ್ದವು.

ಇದಾದ ಮೇಲೆ ಕೊಡಗಿನಲ್ಲಿ ಮಣ್ಣು ಎಂಬುದು ಮುಗ್ಧವಾದ ಶಬ್ದವಾಗಿ ಉಳಿದಿಲ್ಲ. ಹೊರಗಿನವರಿಗೆ ಅದು ಕರಕುಶಲ ಸಾಮಗ್ರಿ, ಮಕ್ಕಳ ಆಟದ ವಸ್ತು. ಆ ಊರುಗಳ ಕುಟುಂಬಕ್ಕೆ ಅದು ಅಜ್ಜಿಯನ್ನೋ ಅಂಗಳವನ್ನೋ ನುಂಗಿದ್ದು. ಅಂತಹ ಮನೆಯ ಮಗುವಿಗೆ ಮಣ್ಣಿನ ಪುಟ್ಟ ಮನೆಯೊಂದನ್ನು ಮಾಡಿ ಕಾಣಿಕೆಯಾಗಿ ಕೊಡುವವನು ತಾನು ಏನನ್ನು ಕೊಡುತ್ತಿದ್ದೇನೆ ಎಂಬುದನ್ನು ಅರಿತಿರಬೇಕು. ಆ ಅರಿವಿಲ್ಲದೆ ಕೊಟ್ಟದ್ದು ಗಾಯದ ಮೇಲೆ ಬೆರಳಿಟ್ಟಂತೆ. ಅರಿವಿನಿಂದ ಕೊಟ್ಟದ್ದಾದರೆ ಅದೇ ಮಣ್ಣು ಬೇರೆಯಾಗುತ್ತದೆ. ಹುಟ್ಟುಕುರುಡನ ಕಣ್ಣಿಗೆ ಪ್ರಭು ಯೇಸು ಲೇಪಿಸಿದ್ದು ನೆಲದ ಧೂಳನ್ನೇ ಉಗುಳಿನಲ್ಲಿ ಕಲಸಿದ ಕೆಸರು. ನಮ್ಮನ್ನು ಹೂಳಬಲ್ಲ ವಸ್ತುವನ್ನೇ ಆತ ಬೆಳಕಿನ ಔಷಧಿಯಾಗಿಸಿದ. ಆದಿಕಾಂಡದ ದೇವರು ಮಾನವನನ್ನು ರೂಪಿಸಿದ್ದೂ, ಯೆರೆಮೀಯ ಪ್ರವಾದಿ ಕುಂಬಾರನ ಮನೆಯಲ್ಲಿ ಕಂಡದ್ದೂ, ಸಂತ ಪೌಲರು ನಮ್ಮ ಬಾಳನ್ನು ಹೋಲಿಸಿದ್ದೂ ಇದೇ ಮಣ್ಣಿಗೆ. ದೇವರ ವಾಕ್ಯವು ಮಾನವನಾಯಿತು ಎಂಬುದು ಕ್ರಿಸ್ಮಸ್ಸಿನ ತಿರುಳಾದರೆ, ಆತನು ತೊಟ್ಟದ್ದು ಜಾರುವ, ಬಿರಿಯುವ, ಕೊನೆಗೆ ಧೂಳಾಗುವ ಈ ದೇಹವನ್ನೇ ಅಲ್ಲವೇ? ಇದನ್ನು ನುಡಿಯುವ ಶಕ್ತಿ ಪ್ಲಾಸ್ಟಿಕ್ ನಕ್ಷತ್ರಕ್ಕಿಲ್ಲ, ಮಣ್ಣಿನ ನಕ್ಷತ್ರಕ್ಕಿದೆ. ಅಲಂಕಾರವು ತುಂಬಬೇಕಾದ ಕೊರತೆ ಇದೇ ಎಂದು ತೋರುತ್ತದೆ.

ಕೊಡುವುದು ಮತ್ತು ಬಿಡುವುದು

ಕೊನೆಯದಾಗಿ ಕಾಣಿಕೆಯ ಸ್ವರೂಪವನ್ನು ವಿಚಾರಿಸಬೇಕು. ನಮ್ಮಲ್ಲಿ ಕ್ರಿಸ್ಮಸ್ ಕಾಣಿಕೆಯೆಂದರೆ ಮುಖ್ಯವಾಗಿ ಕುಸ್ವಾರ್. ತಟ್ಟೆಯ ಮೇಲೆ ಕಸೂತಿಯ ಬಟ್ಟೆ ಮುಚ್ಚಿ ನೆರೆಮನೆಗೆ ಕಳುಹಿಸುವ ಈ ತಿಂಡಿಗಳಲ್ಲಿ ಒಂದು ಸೌಜನ್ಯವಿದೆ. ತಿಂದರೆ ಮುಗಿಯಿತು, ಪಡೆದವರ ಮೇಲೆ ಭಾರವಿಲ್ಲ. ಉಳಿಯುವ ವಸ್ತುವಿನ ಕಾಣಿಕೆ ಹಾಗಲ್ಲ. ಅದು ಗೋಡೆಯ ಮೇಲೆ ನಿಂತು ಕೊಟ್ಟವರನ್ನು ನೆನಪಿಸುತ್ತದೆ, ಮರುಕಾಣಿಕೆಯನ್ನು ಬೇಡುತ್ತದೆ. ನಮ್ಮ ಹಳ್ಳಿಗಳು ಇದಕ್ಕೆ ‘ಮುಯ್ಯಿ’ ಎಂದು ಹೆಸರಿಟ್ಟು ಲೆಕ್ಕವನ್ನೂ ಇಟ್ಟಿವೆ. ಪ್ರಭುವಿನ ಜನನದ ಕಾಣಿಕೆ ಮುಯ್ಯಿಯ ಲೆಕ್ಕಕ್ಕೆ ಸೇರಬಾರದು. ಹಿಂತಿರುಗಿ ಕೊಡಲಾರದವರಿಗೆ ಕೊಡುವುದು ಅದನ್ನು ಮೀರುವ ಒಂದು ದಾರಿ. ಲೈನ್‌ಮನೆಗಳಿಗೆ, ಪುನರ್ವಸತಿ ಕಾಲೊನಿಗಳಿಗೆ, ಆಸ್ಪತ್ರೆಯ ಹಾಸಿಗೆಗಳಿಗೆ ನಮ್ಮ ಮಕ್ಕಳ ಕೈಯ ಬೊಂಬೆಗಳು ಹೋಗಲಿ. ಆದರೆ ಇಲ್ಲಿಯೂ ಒಂದು ಎಚ್ಚರ ಬೇಕು. ಮಣ್ಣು ಕಲಸಲು ಬಿಡುವಿರುವುದು ಕೆಲವರಿಗೆ ಮಾತ್ರ. ಕೊಯ್ಲಿನ ತಿಂಗಳಲ್ಲಿ ದಿನಗೂಲಿಯ ತಾಯಿಗೆ ಆ ಬಿಡುವಿಲ್ಲ. ನಾವು ಸದಾ ಕೊಡುವವರು, ಅವರು ಸದಾ ಪಡೆಯುವವರು ಎಂಬ ಏರ್ಪಾಡು ಉಳಿದರೆ ಅದೂ ಒಂದು ಬಗೆಯ ಮೇಲರಿಮೆಯೇ. ಆ ಮನೆಯ ಮಕ್ಕಳನ್ನು ನಮ್ಮ ಮಕ್ಕಳ ಪಕ್ಕದಲ್ಲಿ ಕೂರಿಸಿ ಮಣ್ಣು ಕಲಸಲು ಕರೆದಾಗ, ಅವರು ತಿದ್ದಿದ ಕುರಿಮರಿಯನ್ನು ನಮ್ಮ ಗೋದಲಿಯಲ್ಲಿ ಇಟ್ಟುಕೊಂಡಾಗ ಕಾಣಿಕೆ ಪೂರ್ಣವಾಗುತ್ತದೆ.

ಇನ್ನೊಂದು ದಾರಿಯನ್ನು ನಮ್ಮ ನೆರೆಯವರೇ ತೋರಿಸುತ್ತಾರೆ. ಕೊಡಗಿನ ದೇವರಕಾಡುಗಳಲ್ಲಿ ಬೇಟೆಯ ದೇವನಾದ ಅಯ್ಯಪ್ಪನಿಗೆ ಸುಟ್ಟ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುವ ಪದ್ಧತಿ ಇದೆ. ಒಪ್ಪಿಸಿದ ಮೇಲೆ ಅವನ್ನು ಯಾರೂ ಮನೆಗೆ ಒಯ್ಯುವುದಿಲ್ಲ, ಒರೆಸಿ ಪ್ರದರ್ಶಿಸುವುದಿಲ್ಲ. ಮರಗಳ ಕೆಳಗೆ ಮಳೆಗೆ ನೆನೆದು, ಪಾಚಿ ಹಿಡಿದು, ಮುರಿದು, ಅವು ಕಾಡಿನ ನೆಲಕ್ಕೆ ಸೇರುತ್ತವೆ. ಅವರ ವಿಶ್ವಾಸ ಅವರದು, ನಮ್ಮದು ನಮ್ಮದು. ಆದರೂ ಕೊಟ್ಟದ್ದನ್ನು ಬಿಟ್ಟುಬಿಡುವ ಆ ನಡೆಯಲ್ಲಿ ಕಲಿಯಬೇಕಾದುದಿದೆ. ಧರ್ಮಸಭೆಗೂ ಈ ನಡೆ ಅಪರಿಚಿತವಲ್ಲ. ಗರಿಗಳ ಭಾನುವಾರ ಹಿಡಿದ ಹಸಿರು ಗರಿ ಮರುವರ್ಷದ ವಿಭೂತಿ ಬುಧವಾರಕ್ಕೆ ಬೂದಿಯಾಗಿ ನಮ್ಮ ಹಣೆಗೆ ಬರುತ್ತದೆ. ಸುಡದ ಮಣ್ಣಿನ ಅಲಂಕಾರವನ್ನೂ ಹೀಗೆಯೇ ಕಾಣಬಹುದು. ಮೂವರು ಜ್ಞಾನಿಗಳ ಹಬ್ಬ ಕಳೆದ ಮೇಲೆ ಅದನ್ನು ಡಬ್ಬಿಯಲ್ಲಿ ಜೋಪಾನ ಮಾಡುವ ಬದಲು ಹಿತ್ತಲಿನ ಗಿಡದ ಬುಡದಲ್ಲಿಟ್ಟರೆ ಮುಂಗಾರಿನ ಮಳೆ ಅದನ್ನು ನೆಲಕ್ಕೆ ಒಪ್ಪಿಸುತ್ತದೆ. ಮುಂದಿನ ಆಗಮನ ಕಾಲದಲ್ಲಿ ಮತ್ತೆ ಹೊಸದಾಗಿ ಕಲಸಬೇಕು, ಮತ್ತೆ ಯಾರ ಮುಖವನ್ನು ತಿದ್ದಬೇಕೆಂದು ಕೇಳಿಕೊಳ್ಳಬೇಕು. ಅಳಿಯುವುದು ಅದರ ದೋಷವಲ್ಲ, ಅದರ ಗುಣ.

ಎರಡನೆಯ ಶತಮಾನದ ಒಂದು ಹಳೆಯ ಕಥೆಯಲ್ಲಿ, ಐದು ವರ್ಷದ ಬಾಲಯೇಸು ಸಬ್ಬತ್ ದಿನ ತೊರೆಯ ಬದಿಯಲ್ಲಿ ಜೇಡಿಮಣ್ಣಿನಿಂದ ಹನ್ನೆರಡು ಗುಬ್ಬಚ್ಚಿಗಳನ್ನು ಮಾಡುತ್ತಾನೆ. ಹಿರಿಯರು ಗದರಿದಾಗ ಆತ ಚಪ್ಪಾಳೆ ತಟ್ಟುತ್ತಾನೆ, ಅವು ಹಾರಿಹೋಗುತ್ತವೆ. ಧರ್ಮಸಭೆ ಆ ಗ್ರಂಥವನ್ನು ಪವಿತ್ರ ಗ್ರಂಥವೆಂದು ಸ್ವೀಕರಿಸಲಿಲ್ಲ. ಆದರೂ ಆ ಪ್ರಸಂಗದ ನೆನಪು ದೂರ ಸಾಗಿ, ಮಣ್ಣಿನ ಹಕ್ಕಿಗೆ ಜೀವ ಕೊಟ್ಟ ಯೇಸುವಿನ ಉಲ್ಲೇಖ ಕುರಾನಿನಲ್ಲಿಯೂ ಬಂದಿದೆ. ಆ ಕಥೆಯಲ್ಲಿ ಮಗು ಹಕ್ಕಿಗಳನ್ನು ತನ್ನದಾಗಿ ಇಟ್ಟುಕೊಳ್ಳುವುದಿಲ್ಲ. ಮಾಡಿದ್ದನ್ನು ಹಾರಲು ಬಿಡುವುದೇ ಅದರ ಆಟದ ಪೂರ್ಣತೆ.

ನಮ್ಮ ಮನೆಗಳ ಮಣ್ಣಿನ ಅಲಂಕಾರಗಳು ಸುಂದರವಾಗಿರಲಿ ಎಂದು ಹಾರೈಸುವುದು ಸುಲಭ. ಅವು ನಿಜವಾಗಿರಲಿ ಎಂದು ಹಾರೈಸುವುದು ಅದಕ್ಕಿಂತ ಹೆಚ್ಚಿನದು. ಈ ನೆಲದ ಮಣ್ಣು, ಈ ನೆಲದ ಜನರ ಮುಖ, ಈ ನೆಲದ ಗಾಯದ ಅರಿವು, ಹಿಂದಕ್ಕೆ ಏನನ್ನೂ ಕೇಳದ ಕೈ ಒಂದೆಡೆ ಸೇರಿದರೆ, ಬೆರಳಚ್ಚು ಉಳಿದ ಸೊಟ್ಟ ನಕ್ಷತ್ರವೂ ಬೆತ್ಲೆಹೇಮಿನ ದಾರಿಯನ್ನು ತೋರಿಸಬಲ್ಲದು.